‘ಇವರು’ ಎಂಬ ಹೆಸರಿನವರು ಸಿಗಲಿಲ್ಲ

ಸಿಂಚನಾ, ಗಗನ್,

ಹೋದ ವಾರ ನೀವು ರಜೆಗೆ ಬಂದಿದ್ದಾಗ ಅಡಿಗೆಮನೆಯ ಕಪಾಟಿನಿಂದ ನನ್ನ ಹಳೇ ಲ್ಯಾಪ್‌ಟಾಪನ್ನು ಇಳಿಸಿ, ಕರೆಂಟು ಕೊಟ್ಟು, ನೆಲದ ಮೇಲೆ ಕೂತಿದ್ದಿರಿ. ಅದರ ಫ್ಯಾನು ತಿರುಗಿದ್ದೇ ತಡ, ಕರಿಮೆಣಸಿನ ಘಾಟು ಮನೆಯೆಲ್ಲ ತುಂಬಿತು. ಗಗನ್ ಸೀನಿದ. ಅದರ ಹೊಟ್ಟೆಯೊಳಗೆ ನಮ್ಮ ಕಣದ ಮೆಣಸಿನ ದೂಳು ಇನ್ನೂ ಕೂತಿದೆ. ಬಿಸಿಯಾದಾಗಲೆಲ್ಲ ಹೊರಗೆ ಬರುತ್ತದೆ. ಆಮೇಲೆ ಸಿಂಚನಾ, ನೀನು ಕಪ್ಪು ಕಿಟಕಿಯನ್ನು ತೆರೆದು, ಮೇಲಕ್ಕೆ ಮುಖಮಾಡಿದ ಬಾಣದ ಗುಂಡಿಯನ್ನು ಒತ್ತುತ್ತಾ ಹೋದೆ. ಎಂದೋ ಬರೆದ ಸಾಲುಗಳು ಒಂದೊಂದಾಗಿ ಎದ್ದು ಬಂದವು. ಒಂದು ಸಾಲಿನ ಹತ್ತಿರ ನಿನ್ನ ಬೆರಳು ನಿಂತಿತು.

“ಅಜ್ಜಿ, ‘ಪಿಂಗ್ ಇವರು’ ಅಂತಿದೆ. ಇವರು ಅಂದ್ರೆ ಯಾರು?”

“ಹಾಲು ಉಕ್ಕುತ್ತೆ, ಇರು” ಎಂದು ನಾನು ಎದ್ದುಹೋದೆ. ಒಲೆಯ ಮೇಲೆ ಹಾಲು ಇರಲಿಲ್ಲ. ಅದು ನಿಮಗೂ ಕಾಣುತ್ತಿತ್ತು. ನೀವು ಒಳ್ಳೆಯ ಮಕ್ಕಳು, ಮತ್ತೆ ಕೇಳಲಿಲ್ಲ.

ಬಾಯಲ್ಲಿ ಹೇಳುವುದು ನನಗೆ ಯಾವತ್ತೂ ಬರಲಿಲ್ಲ. ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಸ್ಲೇಟಿನಲ್ಲಿ ಬರೆದು ಎತ್ತಿ ತೋರಿಸುತ್ತಿದ್ದವಳು ನಾನು. ಈಗಲೂ ಅದೇ ಮಾಡುತ್ತಿದ್ದೇನೆ ಅಂದುಕೊಳ್ಳಿ.

ನೀವು ಕಂಡಿದ್ದು ಮಾತಾಡದ ತಾತನನ್ನು. ಗಗನ್‌ಗೆ ಅದೂ ನೆನಪಿರಲಾರದು. ಅವನು ಆಗ ತೊಟ್ಟಿಲಲ್ಲಿದ್ದ. ಸಿಂಚನಾಗೆ ಕತ್ತಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಬೆರಳಿನಿಂದ ನೆಲ ತಟ್ಟಿ ಕರೆಯುತ್ತಿದ್ದ ಒಬ್ಬ ಮುದುಕ ಮಸುಕಾಗಿ ನೆನಪಿರಬಹುದು. ಆದರೆ ನಾನು ಬದುಕಿದ್ದು ಬೇರೆ ಮನುಷ್ಯನ ಜೊತೆ. ನಿಮ್ಮ ತಾತ ಮಾದಾಪುರದ ಆಚೆ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಬೆಳಿಗ್ಗೆ ಲೈನ್‌ಮನೆಗಳಿಂದ ಆಳುಗಳು ಬಂದು ಸಾಲಾಗಿ ನಿಂತರೆ ಚೆಕ್‌ರೋಲ್, ಅಂದರೆ ಹಾಜರಿ ಪುಸ್ತಕ, ಹಿಡಿದು ಹೆಸರು ಕೂಗುವುದು ರೈಟರ ಕೆಲಸ. ಪಳನಿಯಮ್ಮನ ‘ಳ’ವನ್ನು ತಮಿಳರ ಹಾಗೆ, ಕುಂಞಿರಾಮನ ‘ಞ’ವನ್ನು ಮಲಯಾಳದವರ ಹಾಗೆ, ಯರವರ ಚೋಮಿಯನ್ನು ಅವಳ ಅವ್ವ ಕರೆಯುವ ಹಾಗೆ ಕೂಗುತ್ತಿದ್ದರು. ಮಂಜಿನೊಳಗೆ ಯಾರಿದ್ದಾರೆ ಯಾರಿಲ್ಲ ಕಾಣುತ್ತಿರಲಿಲ್ಲ. ಹೆಸರು ಹೋಗುತ್ತಿತ್ತು, ‘ಹಾಜರ್’ ಎಂಬ ದನಿ ತಿರುಗಿ ಬರುತ್ತಿತ್ತು. ಗಾಳಿ ಈ ಕಡೆಗಿದ್ದರೆ ಗುಡ್ಡದ ಇತ್ತ ನಮ್ಮ ಮನೆಯ ಹಿತ್ತಿಲಿಗೂ ಕೇಳುತ್ತಿತ್ತು. ಹಟ್ಟಿಯಲ್ಲಿ ಹಾಲು ಕರೆಯುತ್ತಾ ನಾನು ಇವತ್ತು ಯಾರು ಕೆಲಸಕ್ಕೆ ಬಂದಿಲ್ಲ ಎಂದು ತಿಳಿದುಕೊಳ್ಳುತ್ತಿದ್ದೆ.

ಅಷ್ಟು ಜನರ ಹೆಸರು ಕೂಗಿದವರು ನನ್ನನ್ನು ಮಾತ್ರ ‘ಏ ಇವಳೇ’ ಅನ್ನುತ್ತಿದ್ದರು. ನಾನು ‘ರೀ’ ಅನ್ನುತ್ತಿದ್ದೆ. ಬೇರೆಯವರ ಮುಂದೆ ‘ಇವರು’. ಗಂಡನ ಹೆಸರು ಹೇಳಿದರೆ ಅವರ ಆಯಸ್ಸು ಕಡಿಮೆಯಾಗುತ್ತದೆ ಎಂದು ನಮ್ಮಮ್ಮ ಹೇಳಿದ್ದಳು. ನಂಬಿದ್ದೆನೋ ಇಲ್ಲವೋ ಗೊತ್ತಿಲ್ಲ. ಆದರೆ ಪರೀಕ್ಷೆ ಮಾಡಿ ನೋಡುವ ವಿಷಯವೇ ಅದು? ಮನೆ ಎಣಿಸುವವರು ಬಂದು ಯಜಮಾನರ ಹೆಸರೇನು ಎಂದರೆ ಒಳಗೆ ಹೋಗಿ ಕರೆಂಟ್ ಬಿಲ್ಲು ತಂದು ತೋರಿಸುತ್ತಿದ್ದೆ. ಒಮ್ಮೆ ಬಿಲ್ಲು ಸಿಗದೆ ಮದುವೆಯ ಪಾತ್ರೆಯನ್ನೇ ಎತ್ತಿಕೊಂಡು ಬಂದಿದ್ದೆ. ಅದರ ಅಂಚಿನಲ್ಲಿ ಹೆಸರು ಕೊರೆಸಿದ್ದರಲ್ಲ.

ಮದುವೆಯ ದಿನ ಇನ್ನೊಂದು ನಡೆಯಿತು. ಗಂಡನ ಮನೆಯ ಹೊಸ್ತಿಲಲ್ಲಿ ಹೊಸ ಸೊಸೆಯನ್ನು ತಡೆದು ಗಂಡನ ಹೆಸರು ಹೇಳಿಸುವುದು ನಮ್ಮ ಕಡೆ ಇದೆ. ಆ ಒಂದು ಸಲ ಹೇಳಬಹುದು. ನನ್ನ ದೊಡ್ಡ ನಾದಿನಿ ಗಂಗಕ್ಕ ಬಾಗಿಲಿಗೆ ಅಡ್ಡವಾಗಿ ಕೈ ಚಾಚಿ, “ಹೆಸರು ಹೇಳಿದ್ರೆ ಒಳಗೆ, ಇಲ್ಲಾಂದ್ರೆ ಹಟ್ಟೀಲಿ ಮಲ್ಕೊ” ಎಂದರು. ಹೆಂಗಸರೆಲ್ಲ ನಕ್ಕರು. ನಾನು ಕಾಲಿನ ಹೆಬ್ಬೆರಳು ನೋಡುತ್ತಾ ನಿಂತೆ. ನಿಂತೇ ಇದ್ದೆ. ಕೊನೆಗೆ ಅಳು ಬಂತು. ಅತ್ತೆ ಬಂದು, “ಬಿಡ್ರೇ, ಹೊತ್ತು ಮೀರುತ್ತೆ” ಎಂದು ನನ್ನನ್ನು ಒಳಗೆ ಎಳೆದುಕೊಂಡರು. ಗಂಗಕ್ಕ ಹಿಂದಿನಿಂದ, “ಇವತ್ತು ಬಿಟ್ಟಿದೀವಿ, ಮರ್ತಿಲ್ಲ” ಎಂದರು. ನಿಮ್ಮ ತಾತನೂ ಮರೆತಿರಲಿಲ್ಲ ಎಂದು ನನಗೆ ಗೊತ್ತಾಗಿದ್ದು ಬಹಳ ವರ್ಷದ ಮೇಲೆ, ಈ ಕಂಪ್ಯೂಟರಿನ ದೆಸೆಯಿಂದ.

ರಿಟೈರ್ ಆದ ಮೇಲೆ ಅವರ ಗಂಟಲಲ್ಲಿ ಗಡ್ಡೆ ಬೆಳೆಯಿತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಉಸಿರಾಡುವುದಕ್ಕೆ ಕತ್ತಿನ ಬುಡದಲ್ಲಿ ಒಂದು ತೂತು, ಅದರಲ್ಲಿ ಒಂದು ನಳಿಗೆ, ನಳಿಗೆಯೊಳಗೆ ತೆಗೆದು ತೊಳೆಯುವಂಥ ಇನ್ನೊಂದು ಸಣ್ಣ ನಳಿಗೆ. ನರ್ಸಮ್ಮ ನನ್ನ ಕೈಯಿಂದಲೇ ಅದನ್ನು ತೆಗೆಸಿ, ಹಾಕಿಸಿ, ಮತ್ತೆ ತೆಗೆಸಿ ಕಲಿಸಿದರು. “ಒಣ ಗಾಳಿಗೆ ಕಫ ಗಟ್ಟಿಯಾಗಿ ಕಟ್ಟಿಕೊಳ್ಳುತ್ತೆ. ಕಟ್ಟಿಕೊಂಡ್ರೆ ಅವರು ಕೂಗೋಕಾಗಲ್ಲ, ಅದು ನೆನಪಿರಲಿ. ಬೇಗ ಒಳಗಿನ ನಳಿಗೆ ಎಳೆದುಬಿಡಿ” ಎಂದರು. ಕೂಗಲಾಗುವುದಿಲ್ಲ ಎಂಬುದು ನನ್ನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತುಬಿಟ್ಟಿತು. ಆಮೇಲೆ ನನಗೆ ನಿದ್ದೆಯಲ್ಲೂ ಕಿವಿ ತೆರೆದೇ ಇರುತ್ತಿತ್ತು.

ಅವರಿಗೆ ಸ್ಲೇಟು ಕೊಟ್ಟೆವು. ಒಂದು ದಿನ ಬರೆದರು, ಮಾರನೇ ದಿನ ಎಸೆದರು. ಸ್ಲೇಟು ಹಿಡಿದು ಯಾರಾದರೂ ತನ್ನ ಕಡೆ ನೋಡಲಿ ಎಂದು ಕಾಯುವುದು ಅವರಿಂದಾಗಲಿಲ್ಲ. ಹಗಲೆಲ್ಲ ಮನೆಯ ಮೇಲಿನ ಏರಿನಲ್ಲಿರುವ ಸ್ಟೋರಿಗೆ ಹೋಗಿ, ಕಾಫಿ ಚೀಲಗಳ ನಡುವೆ ಕೂತು, ಕಿಟಕಿಯಿಂದ ತೋಟ ನೋಡುತ್ತಿದ್ದರು. ನಾನು ಕಾಫಿ, ಗಂಜಿ, ಒದ್ದೆ ಬಟ್ಟೆ ಎಂದು ನೆಪ ಹುಡುಕಿಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ಬಾಗಿಲಲ್ಲಿ ನನ್ನ ತಲೆ ಕಂಡರೆ ಅವರ ಮುಖ ಗಂಟಾಗುತ್ತಿತ್ತು. ಒಂದು ದಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ದೊಡ್ಡದಾಗಿ ಬರೆದರು: ‘ಸತ್ತಿಲ್ಲ. ಹೋಗು.’

ಇದನ್ನು ಕಂಡ ನಿಮ್ಮ ಅಮ್ಮ, ಅಂದರೆ ನನ್ನ ಮಗಳು ಶೈಲಾ, ಎರಡು ಹಳೇ ಲ್ಯಾಪ್‌ಟಾಪು ತಂದಳು. ಅವಳು ಆಗಲೂ ಶಿರಂಗಾಲದ ಕಡೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಯಾರೋ ಗುಜರಿಗೆ ಹಾಕಬೇಕೆಂದಿದ್ದವು ಅವು. ಹಳೆಯದನ್ನೆಲ್ಲ ಅಳಿಸಿ ಲಿನಕ್ಸ್ ಎಂಬುದನ್ನು ಹಾಕಿದ್ದಳು. “ಇದು ಮುದುಕ ಯಂತ್ರಕ್ಕೂ ಒಗ್ಗುತ್ತೆ ಅಪ್ಪ” ಎಂದಳು. ಅಪ್ಪ ತಮ್ಮ ಎದೆ ಮುಟ್ಟಿ ತೋರಿಸಿ, ಇದಕ್ಕೂ ಹಾಕುತ್ತೀಯಾ ಎಂಬಂತೆ ಹುಬ್ಬು ಹಾರಿಸಿದರು. ಆಪರೇಷನ್ ಆದ ಮೇಲೆ ಅವರು ಮಾಡಿದ ಮೊದಲ ತಮಾಷೆ ಅದು.

ಒಂದು ಯಂತ್ರ ಸ್ಟೋರಿನಲ್ಲಿ, ಇನ್ನೊಂದು ಅಡಿಗೆಮನೆಯ ಹಿಂಬಾಗಿಲಲ್ಲಿ. ನಡುವೆ, ಹಜಾರದಲ್ಲಿ, ದೀಪ ಮಿಣುಕಿಸುವ ವೈಫೈ ಪೆಟ್ಟಿಗೆ. ಪೆಟ್ಟಿಗೆಯ ಗಾಳಿ ಸ್ಟೋರಿನವರೆಗೆ ಮುಟ್ಟಲಿಲ್ಲವೆಂದು ನಿಮ್ಮ ಅಮ್ಮ ಉದ್ದನೆಯ ವೈರು ತಂದು ಸಿಲ್ವರ್ ಓಕ್ ಮರಗಳ ಮೇಲೆ, ಮೆಣಸಿನ ಬಳ್ಳಿಗಳ ಜೊತೆಯಲ್ಲೇ ಹಬ್ಬಿಸಿದಳು. ಅವರು ಅಲ್ಲಿ ಒಂದು ಸಾಲು ಕುಟ್ಟಿ ಗುಂಡಿ ಒತ್ತಿದರೆ ಅದು ಇಲ್ಲಿ ನನ್ನ ಪರದೆಯ ಮೇಲೆ ಬೀಳಬೇಕು. ಮೊದಲ ಸಾಲು ಬಿದ್ದಾಗ ನಾನು ರೊಟ್ಟಿ ತಟ್ಟುತ್ತಿದ್ದೆ. ‘kaafi’ ಎಂದಿತ್ತು. ಅವರು ರೈಟರಲ್ಲವೇ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಿದ್ದರು. ನಾನು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದೇ ಮುಟ್ಟಿ ಓದಬೇಕು. ಓದಿ ಮುಗಿಸುವ ಹೊತ್ತಿಗೆ ರೊಟ್ಟಿ ಸೀದಿತ್ತು. ಆದರೂ ಆ ದಿನ ನಾನು ಕಾಫಿಯನ್ನು ಕೇಳಿಸಿಕೊಂಡು ಮಾಡಿದೆ, ಊಹಿಸಿಕೊಂಡು ಅಲ್ಲ.

ಒಂದು ಮಧ್ಯಾಹ್ನ ‘hasu bantu’ ಎಂದು ಬಂತು. ಕೋಲು ಹಿಡಿದು ಹಿತ್ತಿಲಿಗೆ ಓಡಿದೆ. ಹಸುವೂ ಇಲ್ಲ, ಕರುವೂ ಇಲ್ಲ. ಬೇಲಿ ಸುತ್ತಿ, ಕೊತ್ತಂಬರಿ ಮಡಿ ನೋಡಿ, ಸ್ಟೋರಿಗೆ ಹತ್ತಿದರೆ ಅವರು ಹೊಟ್ಟೆ ತಟ್ಟಿಕೊಂಡು ಕೂತಿದ್ದಾರೆ. ಹಸಿವು ಬಂತು ಎಂದು ಬರೆಯಲು ಹೋಗಿ ನಡುವಿನ ಎರಡಕ್ಷರ ನುಂಗಿದ್ದರು. ನನ್ನ ಕೈಯಲ್ಲಿದ್ದ ಕೋಲು ನೋಡಿ ನಕ್ಕರು. ನಗುವಿಗೆ ದನಿಯಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು.

ನಮ್ಮಿಬ್ಬರಲ್ಲಿ ಒಂದು ಒಪ್ಪಂದವಾಯಿತು. ನಾನು ಮೇಲೆ ಮೇಲೆ ಹತ್ತಿ ಬರಬಾರದು. ಅವರು ಆಗಾಗ ಒಂದು ‘hu’ ಕಳಿಸಬೇಕು. ಕತೆ ಕೇಳುವವರು ಹೂಂಗುಡುತ್ತಾರಲ್ಲ, ಹಾಗೆ. ಹೂಂ ಬರುತ್ತಿದ್ದರೆ ಎಲ್ಲ ಸರಿಯಿದೆ. ಆ ಹೂಂ ನೋಡಿಕೊಂಡು ನಾನು ಮತ್ತೆ ಹಿಂಬಾಗಿಲೆದುರಿನ ಕಣದ ಕೆಲಸಕ್ಕೆ ಇಳಿದೆ. ಒಣಹಾಕಿದ ಮೆಣಸನ್ನು ಎಳೆದು ಹರಡುವಾಗೆಲ್ಲ ತಿರುಗಿ ಪರದೆ ನೋಡುವುದು ಅಭ್ಯಾಸವಾಯಿತು.

ತೊಂದರೆ ಬಂದಿದ್ದು ನಂಬರಿನಿಂದ. ಪ್ರತಿ ಯಂತ್ರಕ್ಕೂ ಆ ಪೆಟ್ಟಿಗೆ ಒಂದು ನಂಬರು ಕೊಡುತ್ತದೆ, ಆ ನಂಬರು ಹೇಳಿ ಇನ್ನೊಂದನ್ನು ಕರೆಯಬೇಕು. ನಿಮ್ಮ ಅಮ್ಮ ನಂಬರುಗಳನ್ನು ಬರೆದು ಗೋಡೆಗೆ ಅಂಟಿಸಿ ಹೋಗಿದ್ದಳು. ಆದರೆ ಕರೆಂಟು ಹೋಗಿ ಬಂದರೆ ಪೆಟ್ಟಿಗೆ ಹಳೆಯದನ್ನು ಮರೆತು, ಊಟದ ಪಂಕ್ತಿಯಲ್ಲಿ ಎದ್ದು ಬಂದವರನ್ನು ಬೇರೆ ಎಲೆಗೆ ಕೂರಿಸಿದ ಹಾಗೆ, ಹೊಸ ನಂಬರು ಕೊಡುತ್ತಿತ್ತು. ನಾನು ಹಳೇ ಎಲೆಯ ಮುಂದೆ ನಿಂತು ಕರೆಯುತ್ತಿದ್ದೆ. ಒಂದು ಭಾನುವಾರ ನಿಮ್ಮ ಅಮ್ಮ ಬಂದು, “ನಂಬರ್ ಬದಲಾಗುತ್ತೆ, ಹೆಸರು ಬದಲಾಗಲ್ಲ. ಎರಡಕ್ಕೂ ಹೆಸರಿಟ್ಟುಬಿಡ್ತೀನಿ” ಎಂದಳು. ಅವರ ಯಂತ್ರಕ್ಕೆ ಅವರ ಹೆಸರು, ನನ್ನದಕ್ಕೆ ನನ್ನ ಹೆಸರು.

“ಬೇರೆ ಏನಾದ್ರೂ ಇಡೇ. ಸ್ಟೋರು ಅಂತ ಇಡು” ಎಂದೆ.

“ಅಪ್ಪ, ಸ್ಟೋರು ಅಂತ ಇಡ್ಲಾ?”

ಅವರು ತಲೆಯಾಡಿಸಲಿಲ್ಲ. ನನ್ನನ್ನೇ ನೋಡುತ್ತಾ ಕುಟ್ಟಿದರು: ‘Gangakka bittidru. naanu bittilla.’ ಗಂಗಕ್ಕ ಬಿಟ್ಟಿದ್ದರು, ನಾನು ಬಿಟ್ಟಿಲ್ಲ. ಅಷ್ಟು ವರ್ಷದ ಹಿಂದಿನ ಹೊಸ್ತಿಲನ್ನು ತಂದು ಈ ಯಂತ್ರದ ಬಾಗಿಲಿಗೆ ಇಟ್ಟಿದ್ದರು. ನಿಮ್ಮ ಅಮ್ಮನಿಗೆ ಅರ್ಥವಾಗಲಿಲ್ಲ. ನಾನು ಹೇಳಲೂ ಇಲ್ಲ.

ಹೆಸರಿನ ಕೊನೆಗೆ ಚುಕ್ಕೆ ಇಟ್ಟು ‘ಲೋಕಲ್’ ಎಂದು ಸೇರಿಸಬೇಕಂತೆ. ಅದಕ್ಕೂ ಅವರಿಗೆ ನಗು. ‘naanu yaavaglu local’ ಎಂದು ಬರೆದರು. ಇನ್ನೊಂದು ಯಂತ್ರ ಸಿಗುತ್ತದೋ ಇಲ್ಲವೋ ನೋಡುವುದಕ್ಕೆ ‘ಪಿಂಗ್’ ಎಂಬ ಮಾತಿದೆ ಎಂದು ನಿಮ್ಮ ಅಮ್ಮ ಬಹಳ ಹೊತ್ತು ವಿವರಿಸಿದಳು. ನಾನು ಮುಖ ಮುಖ ನೋಡಿದೆ. ಅವರು ಒಂದೇ ಸಾಲಿನಲ್ಲಿ ಮುಗಿಸಿದರು: ಪಿಂಗ್ ಅಂದರೆ ಕೂ. ತೋಟದಲ್ಲಿ ಒಬ್ಬರಿಗೊಬ್ಬರು ಕಾಣದಿದ್ದಾಗ ಈ ಕಡೆಯಿಂದ ‘ಕೂ’ ಅನ್ನುತ್ತೇವೆ, ಆ ಕಡೆಯಿಂದ ‘ಕೂ’ ಅನ್ನುತ್ತಾರೆ. ಅಷ್ಟೆ.

ನಿಮ್ಮ ಅಮ್ಮ ನನ್ನ ಯಂತ್ರದಲ್ಲಿ ಅವರ ಹೆಸರನ್ನು ಒಂದು ಸಲ ಬರೆದು ತೋರಿಸಿದಳು. ಬಾಣದ ಗುಂಡಿ ಒತ್ತಿದರೆ ಬರೆದದ್ದೇ ಮತ್ತೆ ಬರುತ್ತದೆ ಎಂಬುದನ್ನು ಆಗ ಕಂಡುಕೊಂಡೆ. ಸಿಂಚನಾ, ನೀನು ಮೊನ್ನೆ ಒತ್ತಿದ್ದು ಅದೇ ಗುಂಡಿ. ಹೆಸರು ಬರೆಯದೆ, ಬರೆದವಳ ಸಾಲನ್ನೇ ಎಬ್ಬಿಸಿ ಎಬ್ಬಿಸಿ ದಿನ ಕಳೆದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ. ಅವರಿಗೂ ಗೊತ್ತಿತ್ತೆಂದು ಕಾಣುತ್ತದೆ. ಅವರು ಮಾತ್ರ ಪ್ರತಿ ಸಲವೂ ನನ್ನ ಹೆಸರನ್ನು ಪೂರ್ತಿ ಕುಟ್ಟುತ್ತಿದ್ದರು. ಪಕ್ಕದಲ್ಲಿ ನಿಂತಿದ್ದರೆ ನಿಧಾನವಾಗಿ ಕುಟ್ಟುತ್ತಿದ್ದರು.

ಕಾಫಿ ಹೂವಿಗೆ ನೀರು ಕೊಡುವ ಕಾಲ ಬಂತು. ಮಳೆ ತಡವಾದರೆ ಎಲ್ಲರೂ ಸ್ಪ್ರಿಂಕ್ಲರ್ ಹಾಕುತ್ತಾರೆ. ತ್ರೀಫೇಸ್ ಕರೆಂಟು ಬಂದ ಕೂಡಲೇ ಸುತ್ತಲಿನ ಮೋಟಾರುಗಳೆಲ್ಲ ಒಟ್ಟಿಗೆ ಹೊರಟು, ಮನೆಯ ಬಲ್ಬು ಮಿಣುಕು ಹುಳದ ಹಾಗಾಗುತ್ತದೆ. ಗಾಳಿ ಒಣಗಿ ತುಟಿ ಒಡೆಯುವ ದಿನಗಳವು. ನಾನು ಅವರ ಕತ್ತಿನ ಬಟ್ಟೆಯನ್ನು ಒದ್ದೆ ಮಾಡಿ ಮಾಡಿ ಕೊಡುತ್ತಿದ್ದೆ. ಕೊಟ್ಟು ಬರುವಷ್ಟರಲ್ಲಿ ಅದು ಒಣಗಿರುತ್ತಿತ್ತು.

ಆ ದಿನ ಮಧ್ಯಾಹ್ನ ನಾನು ಕಣದಲ್ಲಿ ಮೆಣಸು ಎಳೆಯುತ್ತಿದ್ದೆ. ಆಗಷ್ಟೇ ಒಂದು ಹೂಂ ಬಂದಿತ್ತು. ತ್ರೀಫೇಸ್ ಬಂತು. ನಮ್ಮ ಸ್ಟೋರಿನ ಹಿಂದೆ, ಬೇಲಿಯಾಚೆ, ಪಕ್ಕದ ತೋಟದ ಬೆಳ್ಯಪ್ಪಣ್ಣನ ಮೋಟಾರು ಗುಡುಗಿತು. ನನ್ನ ಪರದೆ ಕಪ್ಪಾಯಿತು. ಅದರ ಬ್ಯಾಟರಿ ಎಂದೋ ಸತ್ತಿತ್ತು; ಸ್ಟೋರಿನದರ ಬ್ಯಾಟರಿಗೆ ಇನ್ನೂ ಜೀವವಿತ್ತು. ಹಜಾರದ ಪೆಟ್ಟಿಗೆಯ ದೀಪಗಳೂ ಆರಿ, ಸ್ವಲ್ಪ ಹೊತ್ತಿನ ಮೇಲೆ ಒಂದೊಂದಾಗಿ ಹತ್ತಿದವು. ನಾನು ಕೈಯೊರೆಸಿಕೊಂಡು ಬಂದು ಯಂತ್ರ ಹೊತ್ತಿಸಿದೆ. ಅದು ತನ್ನ ಪಾಡಿಗೆ ಅಕ್ಷರ ಉದುರಿಸುತ್ತಾ ಎದ್ದಿತು. ಕಪ್ಪು ಕಿಟಕಿ ತೆರೆದು ಬಾಣದ ಗುಂಡಿ ಒತ್ತಿದೆ.

ಹೆಸರಿನ ಸಾಲು ಬರಲಿಲ್ಲ. ಹಳೇ ನಂಬರಿನ ಸಾಲು ಬಂತು. ಇನ್ನೂ ಒತ್ತಿದೆ, ಅದಕ್ಕಿಂತ ಹಳೆಯದು ಬಂತು. ಸರಿಯಾಗಿ ಮುಚ್ಚದೆ ಕರೆಂಟು ಹೋದರೆ ಈಚೆಗೆ ಬರೆದದ್ದನ್ನು ಅದು ಮರೆತುಬಿಡುತ್ತದಂತೆ; ನನಗದು ಗೊತ್ತಿರಲಿಲ್ಲ. ಮೇಲಕ್ಕೆ ನೋಡಿದೆ. ಸ್ಟೋರಿನ ಕಿಟಕಿ ಬಿಸಿಲಿಗೆ ಹೊಳೆಯುತ್ತಿತ್ತು, ಒಳಗೆ ಏನೂ ಕಾಣುತ್ತಿರಲಿಲ್ಲ. ಹತ್ತಿ ಹೋಗಲೇ? ಹಿಂದಿನ ದಿನವಷ್ಟೇ ಹಾಗೆ ಹೋಗಿ, ‘ಒಪ್ಪಂದ ಏನಾಯಿತು’ ಎಂಬ ಸಿಟ್ಟಿನ ಮುಖ ನೋಡಿ ಇಳಿದಿದ್ದೆ. ಮೊದಲು ಕೂ ಹಾಕಿ ನೋಡೋಣ ಎಂದು ಕೂತೆ. ಬೆರಳು ಗುಂಡಿಗಳ ಮೇಲಿತ್ತು. ಪಿಂಗ್ ಎಂದು ಬರೆದೆ. ಆಮೇಲೆ, ಯೋಚನೆಯನ್ನೇ ಮಾಡದೆ, ನಾಲಿಗೆಗೆ ಬರುವುದೇ ಬೆರಳಿಗೂ ಬಂತು. ‘ಇವರು’ ಎಂದು ಬರೆದೆ.

ಯಂತ್ರ ಒಂದು ಸಾಲು ಹೇಳಿತು. ಆ ಇಂಗ್ಲಿಷಿನ ಅರ್ಥ ನಿಮ್ಮ ಅಮ್ಮ ಆಮೇಲೆ ಹೇಳಿದಳು: ಇವರು ಎಂಬ ಹೆಸರು ಯಾರಿಗೂ ಗೊತ್ತಿಲ್ಲ.

ಇವರು ಚುಕ್ಕೆ ಲೋಕಲ್ ಎಂದೆ. ಅದೇ ಉತ್ತರ. ಊರಿಗೆಲ್ಲ ಗೊತ್ತಿದ್ದ ‘ಇವರು’ ಈ ಪೆಟ್ಟಿಗೆಗೆ ಗೊತ್ತಿರಲಿಲ್ಲ. ಶೈಲಾಗೆ ಫೋನ್ ಮಾಡಿದೆ. ಅವಳು ಪಾಠದ ನಡುವೆ ವರಾಂಡಕ್ಕೆ ಬಂದು ಪಿಸುಗುಟ್ಟಿದಳು.

“ಏನಮ್ಮ, ಕ್ಲಾಸಲ್ಲಿದೀನಿ.”

“ಇವರು ಸಿಗ್ತಿಲ್ಲ ಕಣೇ.”

“ಏನ್ ಟೈಪ್ ಮಾಡಿದೆ?”

“ಇವರು ಅಂತ.”

“ಅಮ್ಮ, ಅಪ್ಪನ ಹೆಸರು ಹಾಕಮ್ಮ.”

“ನೀನು ಅಕ್ಷರ ಹೇಳು, ನಾನು ಒತ್ತುತೀನಿ.”

“ನಿಂಗೆ ಗೊತ್ತಿರೋ ಹೆಸರೇ ಅಲ್ವೇನಮ್ಮ.”

“ಇಂಗ್ಲಿಷಲ್ಲಿ ಗೊತ್ತಿಲ್ಲ. ಹೇಳೇ ಬೇಗ.”

ಅವಳು ಒಂದೊಂದೇ ಅಕ್ಷರ ಹೇಳಿದಳು. ಆ ಹೆಸರಿನಲ್ಲಿ ‘ಹೆಚ್’ ಬರುತ್ತದೆ. ಅದು ಒಂದೋ ಎರಡೋ ಎಂದು ನನಗೆ ಅನುಮಾನ ಬಂತು. “ಎರಡು ಹೆಚ್ ಕಣಮ್ಮ, ಎರಡು” ಎಂದು ಅವಳು ಪಿಸುದನಿಯಲ್ಲೇ ಗದರಿದಳು. ಹಿಂದೆ ಯಾವುದೋ ಹುಡುಗಿ ಕಿಸಕ್ಕೆಂದಳು. ಇಂಗ್ಲಿಷ್ ಅಕ್ಷರವಾದ್ದರಿಂದ ಇದು ಹೆಸರು ಹೇಳಿದ ಲೆಕ್ಕಕ್ಕೆ ಬರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಕೊನೆಯ ಗುಂಡಿ ಒತ್ತಿದೆ.

ಸಾಲುಗಳು ಸುರಿದವು. ಕೂ, ಕೂ, ಕೂ. “ಬರ್ತಿದೆ ಕಣೇ” ಎಂದೆ. “ಸರಿ, ಅಪ್ಪ ಆರಾಮಿದಾರೆ ಬಿಡು” ಎಂದು ಅವಳು ಫೋನಿಟ್ಟಳು. ನಾನು ಮಾತಾಡುವ ಕಿಟಕಿ ತೆರೆದು ‘iddira’ ಎಂದು ಬರೆದೆ. ಇದ್ದೀರಾ? ಕರ್ಸರ್ ಮಿಟುಕಿಸಿತು. ಪಕ್ಕದ ಕಿಟಕಿಯಲ್ಲಿ ಅವರ ಯಂತ್ರ ಕೂ ಅನ್ನುತ್ತಲೇ ಇತ್ತು. ಅವರು ಮಾತ್ರ ಹೂಂ ಅನ್ನಲಿಲ್ಲ. ಮತ್ತೆ ಬರೆದೆ. ಯಂತ್ರ ಬದುಕಿದೆ, ಮುಂದೆ ಕೂತವರು ಉತ್ತರ ಕೊಡುತ್ತಿಲ್ಲ. ನರ್ಸಮ್ಮನ ಮಾತು ಕಿವಿಯಲ್ಲಿ ಎದ್ದಿತು. ಅವರು ಕೂಗೋಕಾಗಲ್ಲ.

ಸ್ಟೂಲು ಉರುಳಿತೋ ಏನೋ, ನನಗೆ ನೆನಪಿಲ್ಲ. ಮೆಟ್ಟಿಲ ಬುಡಕ್ಕೆ ಬಂದು “ರೀ” ಎಂದೆ. ಮಂಡಿ ನೋವಿನ ಕಾಲು, ಕಡಿದಾದ ಮಣ್ಣಿನ ಮೆಟ್ಟಿಲು. ಹತ್ತುತ್ತಾ ಮತ್ತೆ “ರೀ” ಎಂದೆ. ಸ್ಟೋರಿನ ಹಿಂದೆಯೇ ಬೆಳ್ಯಪ್ಪಣ್ಣ ಪೈಪು ಜೋಡಿಸುತ್ತಿದ್ದುದು ಕಾಣುತ್ತಿತ್ತು. ಅವನು ತಲೆ ಎತ್ತಿ ನೋಡಿ ಮತ್ತೆ ಬಗ್ಗಿದ. ರೀ ಎಂದರೆ ಯಾರು ಓಡಿ ಬರುತ್ತಾರೆ? ಊರಿನ ಹೆಂಗಸರೆಲ್ಲ ದಿನವೂ ಯಾವುದೋ ಒಂದಕ್ಕೆ ರೀ ಅನ್ನುತ್ತಲೇ ಇರುತ್ತಾರೆ. ಉಸಿರು ಸಿಕ್ಕಿಕೊಂಡು ನಡುವಿನ ಮೆಟ್ಟಿಲಲ್ಲಿ ನಿಂತೆ. ಆಗ ನನ್ನ ಬಾಯಿಂದ ಆ ಹೆಸರು ಹೊರಬಿತ್ತು. ಪೂರ್ತಿ ಹೆಸರು. ಮೊದಲಿನ ಅಕ್ಷರದಿಂದ ಕೊನೆಯವರೆಗೆ, ಚೆಕ್‌ರೋಲ್ ಹಿಡಿದು ಕೂಗುವ ಹಾಗೆ. ಅದು ನನ್ನ ದನಿಯೇ ಎಂದು ನನಗೆ ಗುರುತಾಗಲಿಲ್ಲ.

ಬೆಳ್ಯಪ್ಪಣ್ಣನ ಕೈಯಿಂದ ಪೈಪು ಬಿತ್ತು. ಬೇಲಿ ಹಾರಿ ಓಡಿದ. ಆಮೇಲೆ ಅವನು ಎಲ್ಲರಿಗೂ ಹೇಳುತ್ತಿದ್ದ, “ಅಕ್ಕ ಹೆಸರು ಹಿಡ್ದು ಕೂಗಿದ್ರು ಅಂದ್ರೆ ರೈಟ್ರು ಹೋಗೇಬಿಟ್ಟಿದಾರೆ ಅಂತ್ಲೇ ತಿಳ್ಕೊಂಡೆ ನಾನು. ಇಲ್ಲಾಂದ್ರೆ ಆ ಹೆಂಗಸಿನ ಬಾಯಲ್ಲಿ ಹೆಸರು ಬರೋದುಂಟಾ?” ಆಯಸ್ಸು ಕಡಿಮೆಯಾಗುತ್ತದೆಂದು ನಾನು ಮುಚ್ಚಿಟ್ಟಿದ್ದ ಹೆಸರು. ಮುಚ್ಚಿಟ್ಟಿದ್ದರಿಂದಲೇ ಆ ದಿನ ಅದು ಅಷ್ಟು ಬೇಗ ಕೇಳಿಸಿತು.

ನಾನು ಬಾಗಿಲು ಮುಟ್ಟುವಾಗ ಅವನು ಅವರನ್ನು ಚೀಲಕ್ಕೆ ಒರಗಿಸಿ ಕೂರಿಸಿದ್ದ. ಗಾಬರಿಯಲ್ಲಿ ಅವನಿಗೆ ಮನೆಯ ಅರೆಭಾಷೆಯೇ ಬರುತ್ತಿತ್ತು. “ಉಸಿರ್ ಉಟ್ಟಕ್ಕಾ, ಚೂರು ಉಟ್ಟು, ಬೇಗ ಬನ್ನಿ.” ಉಟ್ಟು ಅಂದರೆ ಉಂಟು. ಅವರ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಕತ್ತಿನ ಬಟ್ಟೆ ಕಾಗದದ ಹಾಗೆ ಒಣಗಿತ್ತು. ಕೀಬೋರ್ಡು ನೆಲದ ಕಡೆ ವಾಲಿ, ಅದರ ಮೇಲೆ ಅವರ ಕೈ ಬಿದ್ದಿತ್ತು. ನನ್ನ ಕೈ ಕಲಿತ ಕೆಲಸವನ್ನು ಮಾಡಿತು. ಕೊಂಡಿ ತಿರುಗಿಸಿ ಒಳಗಿನ ನಳಿಗೆ ಎಳೆದೆ. ಬರಲಿಲ್ಲ. ಇನ್ನೊಮ್ಮೆ ಎಳೆದೆ. ಬಂತು. ಅದರ ತುದಿಯಲ್ಲಿ ಕಫ ಕಲ್ಲಿನ ಹಾಗೆ ಕಟ್ಟಿಕೊಂಡಿತ್ತು. ಒಂದು ಗಳಿಗೆ ಏನೂ ಆಗಲಿಲ್ಲ. ಬೆಳ್ಯಪ್ಪಣ್ಣನೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಮೇಲೆ ಆ ತೂತಿನಿಂದ, ತಿದಿ ಎಳೆದ ಹಾಗೆ, ಒಂದು ಉದ್ದನೆಯ ಉಸಿರು ಒಳಗೆ ಹೋಯಿತು. ಇಷ್ಟು ವರ್ಷ ಕೇಳಿದ ಅವರ ದೊಡ್ಡ ದನಿಗಳಲ್ಲಿ ಒಂದೂ ಅದಕ್ಕೆ ಸಮನಲ್ಲ.

ಸಂಜೆ ನಾನು ಪಕ್ಕದಲ್ಲೇ ಕೂತಿದ್ದೆ. ಒಪ್ಪಂದದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬೆಳ್ಯಪ್ಪಣ್ಣ ಮೋಟಾರು ನಿಲ್ಲಿಸಿ, ಕಾಫಿ ಕುಡಿದು, “ರೈಟ್ರೇ, ನನ್ನ ಹೂವಿಗೆ ನೀರಿಲ್ದಂಗೆ ಮಾಡಿದ್ರಿ” ಎಂದು ಬೈದು ಹೋಗಿದ್ದ. ಅವರು ಕೀಬೋರ್ಡನ್ನು ಮಡಿಲಿಗೆ ಎಳೆದುಕೊಂಡು ನಿಧಾನವಾಗಿ ಕುಟ್ಟಿದರು. ನಾನು ಅಕ್ಷರ ಅಕ್ಷರ ಮುಟ್ಟಿ ಓದಿದೆ. ‘ಕೇಳಿಸಿತು. ಚೆನ್ನಾಗಿ ಕರೆದೆ. ನಾಳೆಯಿಂದ ಚೆಕ್‌ರೋಲ್ ನೀನೇ ಕರಿ.’ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಸೆರಗು ತೆಗೆದಾಗ ಪರದೆಯ ಮೇಲೆ ಇನ್ನೊಂದು ಸಾಲು ಬಂದಿತ್ತು. ‘haajar.’

ಆಮೇಲೂ ಕೆಲವು ಕಾಲ ಇದ್ದರು. ಮಳೆ ಬಂದು ಹೋಯಿತು, ಮತ್ತೊಂದು ಕಾಫಿ ಹೂವನ್ನೂ ನೋಡಿದರು. ಹೋಗುವಾಗ ಆಸ್ಪತ್ರೆಯ ಮಂಚದಲ್ಲಿ, ನನ್ನ ಕೈ ಹಿಡಿದುಕೊಂಡು, ನಿದ್ದೆಯಲ್ಲಿ ಹೋದರು. ಆ ಒಂದು ಸಲದ ಮೇಲೆ ಅವರಿರುವವರೆಗೂ ನಾನು ಮತ್ತೆ ಆ ಹೆಸರು ಹೇಳಲಿಲ್ಲ. ಅವರೂ ಮತ್ತೆ ಕೇಳಲಿಲ್ಲ.

ನೀವು ಊರಿಗೆ ಹೊರಟ ಮೇಲೆ ನಿನ್ನೆ ನಾನು ಸ್ಟೋರಿಗೆ ಹತ್ತಿದೆ. ಅವರ ಯಂತ್ರದ ಮೇಲಿನ ಗೋಣಿ ತೆಗೆದು, ದೂಳು ಒರೆಸಿ, ಕರೆಂಟು ಕೊಟ್ಟು, ಹಳೇ ವೈರನ್ನು ಚುಚ್ಚಿದೆ. ಸಿಲ್ವರ್ ಓಕ್ ಮರಗಳು ಬೆಳೆದು ಆ ವೈರನ್ನು ತೊಗಟೆಯೊಳಗೆ ಅರ್ಧ ನುಂಗಿವೆ. ಕೆಲಸ ಮಾಡುತ್ತದೆಂಬ ನಂಬಿಕೆ ನನಗಿರಲಿಲ್ಲ. ಕೆಳಗೆ ಬಂದು ನನ್ನ ಯಂತ್ರದ ಮುಂದೆ ಕೂತೆ. ಬಾಣದ ಗುಂಡಿ ಮುಟ್ಟಲಿಲ್ಲ. ಪಿಂಗ್ ಎಂದು ಬರೆದು, ಹೆಸರನ್ನು ಪೂರ್ತಿ, ಎರಡು ಹೆಚ್ ಸಮೇತ ಬರೆದು, ಚುಕ್ಕೆ ಲೋಕಲ್ ಎಂದು ಸೇರಿಸಿ ಒತ್ತಿದೆ. ಮೆಣಸಿನ ಘಾಟು ಬಂತು. ಆಮೇಲೆ ಸಾಲುಗಳು ಬಂದವು. ಕೂ, ಕೂ, ಕೂ. ಆ ದಿನ ಇದೇ ಸಾಲುಗಳನ್ನು ಕಂಡು ನನ್ನ ಎದೆ ಒಡೆದಿತ್ತು. ಯಂತ್ರ ಓಗೊಡುತ್ತಿದೆ, ಮನುಷ್ಯ ಓಗೊಡುತ್ತಿಲ್ಲ ಎಂದು. ನಿನ್ನೆ ಹಾಗಾಗಲಿಲ್ಲ. ಓಗೊಡುವಷ್ಟನ್ನು ಓಗೊಡಲಿ ಎಂದು ಬಿಟ್ಟು ನೋಡುತ್ತಾ ಕೂತೆ. ಕಾಫಿ ಆರಿಹೋಯಿತು.

ಆಮೇಲೆ ಹಿಂಬಾಗಿಲಿಗೆ ಹೋಗಿ, ಮೆಟ್ಟಿಲ ಕಡೆ ತಿರುಗಿ, ಆ ಹೆಸರನ್ನು ಒಂದು ಸಲ ಹೇಳಿದೆ. ಜೋರಾಗಿ ಅಲ್ಲ. ಬೆಳ್ಯಪ್ಪಣ್ಣನ ನಾಯಿ ತಲೆಯೆತ್ತಿ ನೋಡಿತು, ಅಷ್ಟೇ. ಯಾರೂ ಬೇಲಿ ಹಾರಿ ಬರಲಿಲ್ಲ. ಒಳಗೆ ಬಂದು ಇದನ್ನು ಬರೆಯಲು ಕೂತೆ.

ಸಿಂಚನಾ, ನೀನು ಕೇಳಿದ ‘ಇವರು’ ನಿಮ್ಮ ತಾತ. ಅವರ ಹೆಸರು ಶಾಂತಮಲ್ಲಪ್ಪ. ಗುಡ್ಡದಾಚೆಗೆ ಕೇಳುವ ಆ ಗಂಟಲಿಗೆ ಶಾಂತ ಎಂದು ಹೆಸರಿಟ್ಟವರು ಯಾರೋ ನನಗೆ ಗೊತ್ತಿಲ್ಲ. ಕನ್ನಡ ಅಕ್ಷರದಲ್ಲಿ, ನನ್ನ ಕೈಯಿಂದ, ಇದೇ ಮೊದಲ ಸಲ ಅದನ್ನು ಬರೆಯುತ್ತಿದ್ದೇನೆ. ನೋಡಿ, ಒತ್ತಿ ಬರೆದು ಹಾಳೆಯ ಹಿಂದೆಲ್ಲ ಮೂಡಿದೆ. ಆ ಎರಡು ಯಂತ್ರಗಳು ಇನ್ನೆಷ್ಟು ದಿನ ಎದ್ದಾವು ಹೇಳಲಾರೆ. ಈ ಹಾಳೆಗಳಿಗೆ ಕರೆಂಟು ಬೇಡ, ಇಲಿಯಿಂದಲೂ ಮಳೆಗಾಲದ ತೇವದಿಂದಲೂ ಕಾಪಾಡಿದರೆ ಸಾಕು. ಜೋಪಾನವಾಗಿಟ್ಟುಕೊಳ್ಳಿ. ಎಲ್ಲಾದರೂ, ಯಾವತ್ತಾದರೂ, ಯಾರಾದರೂ ಈ ಹೆಸರು ಕರೆದರೆ ಹಾಜರ್ ಅನ್ನಬೇಕಾದವರು ಇನ್ನು ನೀವೇ.